ಒಲಿಂಪಿಕ್ ಚಿನ್ನ ಗೆದ್ದು ರಾಷ್ಟ್ರಾಧ್ಯಕ್ಷರಾದ ಫೆನ್ಸರ್ ಪಾಲ್ ಶ್ಮಿಟ್: ಶಾಲಾ ಸಂಚಿಕೆಯಲ್ಲಿ ಮಕ್ಕಳಿಗೆ ಎಷ್ಟು ಹೇಳಬೇಕು?

ಬದಿಯಡ್ಕ ಟೀಚರ್
ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಕ್ರೀಡೋತ್ಸವಕ್ಕೆ ಈ ಸಲ ಕನ್ನಡದಲ್ಲಿ ಒಂದು ಸಂಚಿಕೆ ತರುವುದು ಅಂತ ನಿಶ್ಚಯ ಆಗಿದೆ. ಆಟಗಾರರಾಗಿದ್ದು ರಾಜಕೀಯಕ್ಕೆ ಬಂದವರ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪಿ.ಟಿ. ಉಷಾ, ರಾಜ್ಯವರ್ಧನ್ ರಾಥೋಡ್ ಬಗ್ಗೆ ಮಕ್ಕಳಿಗೆ ಗೊತ್ತುಂಟು. ಹಾಗಾಗಿ ಹಂಗೇರಿಯ ಪಾಲ್ ಶ್ಮಿಟ್ ಅವರನ್ನು ಆರಿಸಿಕೊಂಡೆ.

1942ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದವರು. ಫೆನ್ಸಿಂಗ್ ಅಂದರೆ ಕತ್ತಿವರಸೆ ಆಟದಲ್ಲಿ 1968ರ ಮೆಕ್ಸಿಕೊ, 1972ರ ಮ್ಯೂನಿಕ್ ಎರಡರಲ್ಲೂ ಚಿನ್ನ. 1983ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯ. ಆಮೇಲೆ ಸ್ಪೇನ್‌ಗೆ, ಸ್ವಿಟ್ಜರ್ಲೆಂಡಿಗೆ ರಾಯಭಾರಿ. 2004ರಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಸದಸ್ಯ, 2010ರಲ್ಲಿ ಹಂಗೇರಿ ಸಂಸತ್ತಿನ ಸಭಾಧ್ಯಕ್ಷ, ಅದೇ ವರ್ಷ ಆಗಸ್ಟಿನಲ್ಲಿ ದೇಶದ ರಾಷ್ಟ್ರಾಧ್ಯಕ್ಷ. 2012ರ ಏಪ್ರಿಲ್ 2ರಂದು ಸಂಸತ್ತಿನಲ್ಲೇ ನಿಂತು ರಾಜೀನಾಮೆ ಘೋಷಿಸಿದರು. ಅವರ ಡಾಕ್ಟರೇಟ್ ಪ್ರಬಂಧದ ದೊಡ್ಡ ಭಾಗ ಬೇರೆಯವರ ಬರಹದ ನಕಲು ಅಂತ ಸಾಬೀತಾಗಿ ವಿಶ್ವವಿದ್ಯಾಲಯ ಪದವಿ ಹಿಂತೆಗೆದುಕೊಂಡಿತ್ತು.

ಸಹೋದ್ಯೋಗಿಯೊಬ್ಬರು ಕೊನೆಯ ಭಾಗ ತೆಗೆಯಿರಿ ಅಂತಾರೆ. ಮಕ್ಕಳಿಗೆ ಸ್ಫೂರ್ತಿ ಬೇಕು, ಹಗರಣ ಯಾಕೆ ಅನ್ನುವುದು ಅವರ ವಾದ. ನನಗೆ ಅದು ಸರಿ ಕಾಣುವುದಿಲ್ಲ. ಎಂಟನೇ ಕ್ಲಾಸಿನ ಮಕ್ಕಳು ಮೊಬೈಲಿನಲ್ಲಿ ಹೆಸರು ಹೊಡೆದರೆ ಮೊದಲು ಬರುವುದೇ ಆ ಸುದ್ದಿ. ನೀವೆಂತ ಹೇಳ್ತೀರಿ?

ಉಪ್ಪಳದ ಹುಡುಗ
ಟೀಚರೇ, ಎರಡು ಒಲಿಂಪಿಕ್ ಚಿನ್ನ ಅಂದ್ರೆ ಸಣ್ಣ ಮಾತಲ್ಲ. ಯಾವುದೋ ಪ್ರಬಂಧದ ವಿಷಯ ಒಂದು ಸಾಲಲ್ಲಿ ಮುಗಿಸಿ. ಕ್ರೀಡೋತ್ಸವದ ಸಂಚಿಕೆ ತಾನೆ, ವಿಚಾರಣಾ ಆಯೋಗದ ವರದಿ ಅಲ್ಲವಲ್ಲ.

ಎಪಿ ಕೈ
ಯೂನಿವರ್ಸಿಟಿ ಮಟ್ಟದಲ್ಲಿ ಫೆನ್ಸಿಂಗ್ ಆಡಿದವ ನಾನು. ಒಂದು ವಿಷಯ ಸೇರಿಸಿ ಟೀಚರ್: ಎರಡೂ ಚಿನ್ನ ತಂಡ ವಿಭಾಗದವು, ಎಪಿ ಅನ್ನುವ ಕತ್ತಿಯಲ್ಲಿ. 1970, 1971ರ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಹಂಗೇರಿ ತಂಡದಲ್ಲೂ ಅವರಿದ್ದರು. ವೈಯಕ್ತಿಕ ಒಲಿಂಪಿಕ್ ಚಿನ್ನ ಅವರದಲ್ಲ. 1968ರಲ್ಲಿ ಅದನ್ನು ಗೆದ್ದದ್ದು ಅವರ ತಂಡದ ಜೊತೆಗಾರ ಗ್ಯೋಝೋ ಕುಲ್ಚಾರ್, 1972ರಲ್ಲಿ ಇನ್ನೊಬ್ಬ ಜೊತೆಗಾರ ಚಾಬಾ ಫೆನ್ವೆಶಿ. ಅಂಥವರ ನಡುವೆ ತಂಡದಲ್ಲಿ ಜಾಗ ಸಿಗುವುದೇ ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು. 1964, 68, 72 ಮೂರು ಒಲಿಂಪಿಕ್ಸಲ್ಲೂ ಎಪಿ ತಂಡದ ಚಿನ್ನ ಹಂಗೇರಿಗೇ. ಸೇಬರ್ ಅನ್ನುವ ಇನ್ನೊಂದು ಬಗೆಯ ಕತ್ತಿಯಲ್ಲಂತೂ 1928ರಿಂದ 1960ರವರೆಗೆ ತಂಡದ ಚಿನ್ನವನ್ನು ಬೇರೆ ದೇಶಕ್ಕೆ ಬಿಟ್ಟೇ ಕೊಟ್ಟಿಲ್ಲ. ಅಲಾದಾರ್ ಗೆರೆವಿಚ್ ಒಬ್ಬರೇ 1932ರಿಂದ 1960ರ ನಡುವೆ ಏಳು ಚಿನ್ನ ಗೆದ್ದವರು. ಆ ದೇಶದಲ್ಲಿ ಫೆನ್ಸರ್ ಅಂದ್ರೆ ಮನೆಮಾತು. ಶ್ಮಿಟ್ ರಾಜಕೀಯಕ್ಕೆ ಬರುವಾಗ ಜನರಿಗೆ ಹೊಸದಾಗಿ ಪರಿಚಯ ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ.

ಮುಳ್ಳೇರಿಯ ಅಕ್ಕ
ಎಪಿ ಅಂದ್ರೆ ಎಂತ ಮಾರಾಯ್ರೆ? ನಮಗೆ ಕತ್ತಿ ಅಂದ್ರೆ ಒಂದೇ.

ಎಪಿ ಕೈ
ಅಕ್ಕ, ಮೂರು ಬಗೆ ಉಂಟು. ಫಾಯಿಲ್‌ನಲ್ಲಿ ಎದೆ, ಹೊಟ್ಟೆ, ಬೆನ್ನಿಗೆ ತಾಗಿದರೆ ಮಾತ್ರ ಅಂಕ. ಸೇಬರ್‌ನಲ್ಲಿ ಸೊಂಟದಿಂದ ಮೇಲೆ, ಅಂಚಿನಿಂದ ಕಡಿದರೂ ನಡೆಯುತ್ತದೆ. ಎಪಿಯಲ್ಲಿ ಕಾಲ ಬೆರಳಿನಿಂದ ತಲೆಯವರೆಗೆ ಎಲ್ಲಿ ತಾಗಿದರೂ ಅಂಕ. ಆದರೆ ಮೊನೆಯಿಂದಲೇ ತಾಗಬೇಕು. ಮೊನೆಯಲ್ಲಿ ಒಂದು ಸಣ್ಣ ಸ್ಪ್ರಿಂಗ್ ಉಂಟು, 750 ಗ್ರಾಂಗಿಂತ ಹೆಚ್ಚು ಒತ್ತಿದರೆ ದೀಪ ಹತ್ತುತ್ತದೆ. ಅಂಗಿಯ ತೋಳಿನ ಒಳಗಿಂದ ವಯರ್ ಹೋಗಿ ಬೆನ್ನ ಹಿಂದೆ ರೀಲಿಗೆ ಸಿಕ್ಕಿರುತ್ತದೆ. ಮುಂದೆ ಹಾರಿದಾಗ ಆ ವಯರ್ ಬಿಚ್ಚಿಕೊಳ್ಳುವುದು, ಹಿಂದೆ ಸರಿದಾಗ ಎಳೆದುಕೊಳ್ಳುವುದು ಸೊಂಟಕ್ಕೆ ಗೊತ್ತಾಗುತ್ತಿರುತ್ತದೆ. ಎಪಿ ಆಡಿದವರ ಮಣಿಕಟ್ಟು ನೋಡಿ, ಕಡುನೀಲಿ ಚುಕ್ಕೆಗಳೇ. ಎದುರಾಳಿಗೆ ಹತ್ತಿರ ಸಿಗುವುದು ಕೈಯೇ ಆದ್ದರಿಂದ ಎಲ್ಲರೂ ಮೊದಲು ಅಲ್ಲಿಗೇ ಗುರಿ ಇಡುವುದು.

ಇನ್ನೊಂದು ಮುಖ್ಯ ವಿಷಯ: ಎಪಿಯಲ್ಲಿ ಇಬ್ಬರೂ ಒಂದೇ ಕ್ಷಣಕ್ಕೆ, ಅಂದರೆ ಸೆಕೆಂಡಿನ 25ರಲ್ಲಿ ಒಂದು ಭಾಗದ ಒಳಗೆ ತಾಗಿಸಿದರೆ ಇಬ್ಬರಿಗೂ ಅಂಕ. ಯಾರು ಮೊದಲು ದಾಳಿ ಮಾಡಿದ್ದು ಅನ್ನುವ ತರ್ಕವೇ ಇಲ್ಲ. ಹಾಗಾಗಿ ಎಪಿ ಆಟಗಾರರು ಕಾಯುವವರು. ಆತುರದವರಿಗೆ ಅಲ್ಲಿ ಜಾಗ ಇಲ್ಲ.

ಕುಂಬ್ಳೆ ಸೀಮೆಯವ
ನಮ್ಮ ಕಡೆ ಕಳರಿ ಕಲಿತ ಮಕ್ಕಳನ್ನು ಕಳಿಸಿದರೆ ಒಂದು ವರ್ಷದಲ್ಲಿ ಫೆನ್ಸಿಂಗ್ ಪದಕ ತರ್ತಾರೆ. ತುಳುನಾಡಿನ ಗರಡಿಯಲ್ಲೂ ಇದೇ ವಿದ್ಯೆ ಇದ್ದದ್ದು. ಯುರೋಪಿನಿಂದ ಕಲಿಯಬೇಕಾದ್ದು ಏನಿಲ್ಲ.

ಎಪಿ ಕೈ
ಕಳರಿಯ ಬಗ್ಗೆ ನನಗೂ ಅಭಿಮಾನ ಉಂಟು ಅಣ್ಣ. ಆದರೆ ಎರಡರ ಹೆಜ್ಜೆಯೇ ಬೇರೆ. ಫೆನ್ಸಿಂಗ್ ನಡೆಯುವುದು 14 ಮೀಟರ್ ಉದ್ದ, ಹೆಚ್ಚೆಂದರೆ ಎರಡು ಮೀಟರ್ ಅಗಲದ ಪಟ್ಟಿಯ ಮೇಲೆ. ಸುತ್ತುವ ಹಾಗಿಲ್ಲ, ಹಾರಿ ಪಕ್ಕಕ್ಕೆ ಹೋಗುವ ಹಾಗಿಲ್ಲ. ಮುಂದೆ, ಹಿಂದೆ ಅಷ್ಟೇ. ಕಳರಿಯಲ್ಲಿ ಕಲಿತ ಬಾಗುವಿಕೆ, ಕಾಲಿನ ಬಲ ಉಪಯೋಗಕ್ಕೆ ಬರಬಹುದು. ಮಣಿಕಟ್ಟಿನ ಕೆಲಸ ಹೊಸದಾಗಿಯೇ ಕಲಿಯಬೇಕು.

ಕುಂಬ್ಳೆ ಸೀಮೆಯವ
ಖೇಲೋ ಇಂಡಿಯಾದಲ್ಲಿ ಕಳರಿಪಯಟ್ಟು ಸೇರಿಸಿದ್ದಾರಲ್ಲ, ಗತ್ಕಾ, ಥಾಂಗ್-ತಾ, ಮಲ್ಲಕಂಬದ ಜೊತೆ. ಮೊದಲು ಅದಕ್ಕೆ ದುಡ್ಡು ಹಾಕಲಿ. ನಾನು ಹೇಳುವುದು ಅಷ್ಟೇ.

ಪ್ರಬಂಧ ಬರೆಯುವವಳು
ಕಳರಿ ಬಿಟ್ಟು ಟೀಚರ್ ಕೇಳಿದ ವಿಷಯಕ್ಕೆ ಬರ್ತೇನೆ, ಯಾಕೆಂದರೆ ಉಪ್ಪಳದ ತಮ್ಮ "ಯಾವುದೋ ಪ್ರಬಂಧ" ಅಂದದ್ದು ನನಗೆ ತುಂಬ ಬೇಸರ ತಂದಿತು.

ಶ್ಮಿಟ್ ಅವರ ಪ್ರಬಂಧ 1992ರದ್ದು. ಆಧುನಿಕ ಒಲಿಂಪಿಕ್ಸಿನ ಕಾರ್ಯಕ್ರಮದ ವಿಶ್ಲೇಷಣೆ ಅದರ ವಿಷಯ. ಸುಮಾರು 215 ಪುಟ. ಅತ್ಯುನ್ನತ ಶ್ರೇಣಿಯಲ್ಲಿ ಪಾಸಾಗಿತ್ತು. 2012ರ ಜನವರಿಯಲ್ಲಿ ಎಚ್‌ವಿಜಿ ಅನ್ನುವ ಹಂಗೇರಿಯ ಪತ್ರಿಕೆ ಅದನ್ನು ಬಲ್ಗೇರಿಯಾದ ಕ್ರೀಡಾ ಸಂಶೋಧಕ ನಿಕೊಲಾಯ್ ಗೆಯೊರ್ಗಿಯೆವ್ ಫ್ರೆಂಚಿನಲ್ಲಿ ಬರೆದದ್ದರ ಜೊತೆ ಇಟ್ಟು ತೋರಿಸಿತು. ಆಮೇಲೆ ಜರ್ಮನಿಯ ಕ್ಲಾಸ್ ಹೈನೆಮನ್ ಅವರ ಬರಹದ ಪುಟಗಳೂ ಸಿಕ್ಕಿದವು. ಸೆಮ್ಮೆಲ್‌ವೈಸ್ ವಿಶ್ವವಿದ್ಯಾಲಯದ ಸಮಿತಿ ನೋಡಿದಾಗ 180 ಪುಟಗಳಲ್ಲಿ ಭಾಗಶಃ ಹೋಲಿಕೆ, 17 ಪುಟಗಳಲ್ಲಿ ಪೂರ್ತಿ ಅದೇ ಪಠ್ಯ. ಮಾರ್ಚ್ 29ಕ್ಕೆ ಸೆನೆಟ್ ಪದವಿ ಹಿಂತೆಗೆದುಕೊಂಡಿತು.

ನನಗೆ ಅತ್ಯಂತ ನೋವಾಗುವುದು ಎಲ್ಲಿ ಗೊತ್ತುಂಟಾ? ವಿಷಯ ಯಾವುದು ನೋಡಿ, ಒಲಿಂಪಿಕ್ಸ್! ಎರಡು ಸಲ ಪೋಡಿಯಂ ಹತ್ತಿದವರು. ಒಲಿಂಪಿಕ್ ಸಮಿತಿಯ ಒಳಗೆ ಅಷ್ಟು ವರ್ಷ ಕೂತವರು. ಯಾವ ಆಟ ಸೇರಿಸಬೇಕು, ಯಾವುದು ಬಿಡಬೇಕು ಅನ್ನುವ ಚರ್ಚೆಯನ್ನು ಕಣ್ಣಾರೆ ಕಂಡವರು. ಅವರು ತಾನು ಕಂಡದ್ದನ್ನೇ ಬರೆದಿದ್ದರೆ ಅದು ಬಲ್ಗೇರಿಯಾದ ಆ ಸಂಶೋಧಕರಿಗೂ ಆಕರ ಆಗುತ್ತಿತ್ತು. ಅಷ್ಟು ಸ್ವಂತ ಸರಕು ಇದ್ದ ಮನುಷ್ಯ ಇನ್ನೊಬ್ಬರ ಪುಟ ತೆಗೆದುಕೊಂಡರು. ಮಕ್ಕಳಿಗೆ ಹೇಳಬೇಕಾದ್ದೇ ಇದು ಟೀಚರ್.

ಉಪ್ಪಳದ ಹುಡುಗ
ಅಕ್ಕ, ಅದೇ ಸಮಿತಿ ಇನ್ನೊಂದು ಮಾತೂ ಹೇಳಿದೆ, ಅದನ್ನು ಬಿಟ್ಟಿರಿ. ಪ್ರಬಂಧ ಆ ಕಾಲದ ಕ್ರಮದ ಪ್ರಕಾರವೇ ಸಲ್ಲಿಕೆ ಆಗಿತ್ತು, ಹೋಲಿಕೆ ಆಗಲೇ ಗಮನಿಸದ್ದು ಸಂಸ್ಥೆಯ ತಪ್ಪು ಅಂತ. ನೋಡಿ ಅಂಕ ಕೊಟ್ಟ ಪರೀಕ್ಷಕರು ಯಾರೂ ಮನೆಗೆ ಹೋಗಲಿಲ್ಲ. ಇಪ್ಪತ್ತು ವರ್ಷ ಸುಮ್ಮನಿದ್ದು, ಮನುಷ್ಯ ರಾಷ್ಟ್ರಾಧ್ಯಕ್ಷ ಆದ ಮೇಲೆ ಪುಟ ಎಣಿಸಿದರು. ಇದರಲ್ಲಿ ರಾಜಕೀಯ ಇಲ್ಲ ಅಂತೀರಾ?

ಪ್ರಬಂಧ ಬರೆಯುವವಳು
ರಾಜಕೀಯ ಇರಬಹುದು. ಪುಟಗಳೂ ಇದ್ದವಲ್ಲ! ಹುಡುಕಿದವರ ಉದ್ದೇಶ ಏನೇ ಇರಲಿ, ಸಿಕ್ಕಿದ್ದು ಸುಳ್ಳಾಗುವುದಿಲ್ಲ. ಸಂಸ್ಥೆಯ ತಪ್ಪೂ ಹೌದು, ಒಪ್ಪುತ್ತೇನೆ. ಆದರೆ ಹೆಸರು ಹಾಕಿ ಸಹಿ ಮಾಡಿದ್ದು ಸಂಸ್ಥೆಯಲ್ಲ. ಆ ಸಂದರ್ಭದಲ್ಲಿ ವಿಶ್ವವಿದ್ಯಾಲಯದ ರೆಕ್ಟರ್ ತಿವಾದಾರ್ ತುಲಾಶ್ಶಾಯ್ ಕೂಡ ಹುದ್ದೆ ಬಿಟ್ಟರು, ಅದನ್ನೂ ಸೇರಿಸಿ ನೋಡಿ.

ನಾನು ಸಿಟ್ಟಿನಿಂದ ಬರೆಯುವುದಕ್ಕೆ ಕಾರಣ ಉಂಟು. ನನ್ನ ಎಂ.ಫಿಲ್. ಪ್ರಬಂಧದ ಒಂದು ಇಡೀ ಅಧ್ಯಾಯ ಬೇರೊಬ್ಬರ ಪುಸ್ತಕದಲ್ಲಿ ಬಂತು. ನಮ್ಮ ಊರಿನ ಅಜ್ಜಿಯರ ಹತ್ತಿರ ಕೂತು, ಒಬ್ಬೊಬ್ಬರ ಮನೆಗೆ ನಡೆದು ಸಂಗ್ರಹಿಸಿದ ಪಾಡ್ದನದ, ಅಂದರೆ ತುಳು ಜನಪದ ಹಾಡಿನ, ಸಾಲುಗಳು ಅವು. ನಾನು ಮಾಡಿದ ಒಂದು ಅಕ್ಷರದ ತಪ್ಪು ಕೂಡ ಹಾಗೇ ಅಚ್ಚಾಗಿತ್ತು. ಕೇಳಿದರೆ "ಜಾನಪದ ಯಾರ ಸೊತ್ತೂ ಅಲ್ಲ" ಅಂದರು. ಈಗ ಯುಜಿಸಿಯ 2018ರ ನಿಯಮ ಉಂಟು: ಶೇ 10ರವರೆಗಿನ ಹೋಲಿಕೆಗೆ ಶಿಕ್ಷೆ ಇಲ್ಲ, 40ರವರೆಗೆ ತಿದ್ದಿ ಮತ್ತೆ ಕೊಡಬೇಕು, 60ರವರೆಗೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಕಂಪ್ಯೂಟರ್ ಅಕ್ಷರ ಹೋಲಿಸುತ್ತದೆ. ಆದರೆ ಮಲಯಾಳದಿಂದ ಕನ್ನಡಕ್ಕೆ ತಂದು ತನ್ನದೆಂದರೆ ಯಾವ ಸಾಫ್ಟ್‌ವೇರ್ ಹಿಡಿಯುತ್ತದೆ? ಶ್ಮಿಟ್ ಪ್ರಕರಣವೂ ಹಾಗೇ, ಮೂಲ ಫ್ರೆಂಚ್, ನಕಲು ಹಂಗೇರಿಯನ್. ಎರಡೂ ಭಾಷೆ ಬಲ್ಲವರು ಕೂತು ಓದಿದಾಗಲೇ ಗೊತ್ತಾದದ್ದು.

ಮುಳ್ಳೇರಿಯ ಅಕ್ಕ
ನಿಮ್ಮ ಅಧ್ಯಾಯದ ವಿಷಯ ಓದಿ ಹೊಟ್ಟೆ ಉರಿಯಿತು ತಂಗಿ. ತಾಳಮದ್ದಳೆಯಲ್ಲಿ ದೊಡ್ಡ ಅರ್ಥಧಾರಿಯ ಅರ್ಥವನ್ನು ಇನ್ನೊಬ್ಬ ಹಾಗೇ ಒಪ್ಪಿಸಿದರೆ ಎದುರು ಕೂತ ಅಜ್ಜಂದಿರಿಗೆ ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ. ಪ್ರಬಂಧಕ್ಕೆ ಅಂಥ ಸಭೆ ಇರುವುದಿಲ್ಲ, ಅದೇ ಕಷ್ಟ.

ಚಂದ್ರಗಿರಿ ತೀರ
ನಾನು ಇನ್ನೊಂದು ಬದಿಯಿಂದ ನೋಡ್ತೇನೆ. ಪ್ರಬಂಧಕ್ಕಿಂತ ಅವರ ಅಧಿಕಾರಾವಧಿಯೇ ನನಗೆ ದೊಡ್ಡ ವಿಷಯ. ಹಂಗೇರಿಯ ರಾಷ್ಟ್ರಾಧ್ಯಕ್ಷರನ್ನು ಸಂಸತ್ತು ಆರಿಸುತ್ತದೆ, ಐದು ವರ್ಷಕ್ಕೆ. ನಮ್ಮ ರಾಷ್ಟ್ರಪತಿಯ ಹಾಗೆ ಬಹುತೇಕ ಅಲಂಕಾರದ ಹುದ್ದೆ. ಆದರೂ ಒಂದು ಕೆಲಸ ಉಂಟು: ಒಪ್ಪಿಗೆ ಆಗದ ಮಸೂದೆಯನ್ನು ಸಂಸತ್ತಿಗೆ ಮರಳಿ ಕಳಿಸಬಹುದು, ಇಲ್ಲವೇ ಸಂವಿಧಾನ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಶ್ಮಿಟ್‌ಗೆ ಮುಂಚೆ ಇದ್ದ ಲಾಸ್ಲೊ ಶೋಯೊಮ್ ಸ್ವತಃ ಸಂವಿಧಾನ ನ್ಯಾಯಾಲಯದ ಅಧ್ಯಕ್ಷರಾಗಿದ್ದವರು, ಆ ಅಧಿಕಾರ ಬಳಸಿದವರು. ಶ್ಮಿಟ್ ಬಂದ ಮೇಲೆ ತಾನು ಸರ್ಕಾರಕ್ಕೆ ತಡೆಯಾಗುವುದಿಲ್ಲ ಅಂತ ಮೊದಲೇ ಹೇಳಿದರು, ಹಾಗೇ ನಡೆದುಕೊಂಡರು. ಮಾಧ್ಯಮ ಕಾನೂನು ಬಂತು, ಹೊಸ ಸಂವಿಧಾನ ಬಂತು, ಸಹಿ ಬಿತ್ತು.

ನಮಗೆ ಇದು ದೂರದ ಕಥೆಯಲ್ಲ. 2017ರಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ಯಾಕೆ? ಸಂಖ್ಯಾಬಲ ಇದ್ದವರು ಪಾಸು ಮಾಡುತ್ತಾರೆ. ಅಲ್ಪಸಂಖ್ಯಾತರಿಗೆ ಉಳಿಯುವ ಆಸರೆ ಅಂದರೆ ಸಹಿ ಹಾಕುವ ಮುಂಚೆ ಓದುವ ಒಬ್ಬ ಮನುಷ್ಯ.

ಎಡನೀರು ಹಾದಿ
ಚಂದ್ರಗಿರಿ ಅಣ್ಣ ಹೇಳಿದ ಹೊಸ ಸಂವಿಧಾನಕ್ಕೆ ಶ್ಮಿಟ್ ಸಹಿ ಹಾಕಿದ್ದು 2011ರ ಏಪ್ರಿಲ್ 25ಕ್ಕೆ. ಅದಕ್ಕೆ 38 ವರ್ಷ ಮೊದಲು, 1973ರ ಏಪ್ರಿಲ್ 24ಕ್ಕೆ, ನಮ್ಮ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು. 13 ನ್ಯಾಯಾಧೀಶರು, 7–6ರ ಬಹುಮತ. ಸಂಸತ್ತಿಗೆ ಸಂವಿಧಾನ ತಿದ್ದುವ ಅಧಿಕಾರ ಉಂಟು, ಮೂಲ ಸ್ವರೂಪ ಕೆಡಿಸುವ ಅಧಿಕಾರ ಇಲ್ಲ. ಹಂಗೇರಿಯಲ್ಲಿ 2010ರ ಚುನಾವಣೆಯಲ್ಲಿ ಒಂದೇ ಕೂಟಕ್ಕೆ ಮೂರನೇ ಎರಡು ಬಹುಮತ ಬಂತು, ಮರುವರ್ಷವೇ ಇಡೀ ಸಂವಿಧಾನ ಹೊಸದು. ನಮ್ಮಲ್ಲಿ ಅಷ್ಟು ಸುಲಭ ಆಗದ ಹಾಗೆ ಮಾಡಿದ್ದು ಈ ಊರಿನ ಮಠದ ಅರ್ಜಿ. ಟೀಚರ್, ಮಕ್ಕಳಿಗೆ ಇದನ್ನು ಒಂದು ಚೌಕದಲ್ಲಿ ಹಾಕಿ, ದಯವಿಟ್ಟು.

ಉಪ್ಪಳದ ಹುಡುಗ
ಕ್ರೀಡಾ ಸಂಚಿಕೆಯಲ್ಲಿ ಕೇಶವಾನಂದ ಕೇಸಾ? ಎಲ್ಲಿಂದ ಎಲ್ಲಿಗೆ ಹೋದಿರಿ ಸ್ವಾಮೀ!

ಎಡನೀರು ಹಾದಿ
ಎಲ್ಲಿಂದ ಎಲ್ಲಿಗೂ ಹೋಗಲಿಲ್ಲ. ರಾಷ್ಟ್ರಾಧ್ಯಕ್ಷನ ಬಗ್ಗೆ ಬರೆಯುವಾಗ ಅವನ ಸಹಿ ಯಾವುದಕ್ಕೆ ಬಿತ್ತು ಅಂತ ಬರೆಯದಿದ್ದರೆ ಪದಕಪಟ್ಟಿ ಮಾತ್ರ ಉಳಿಯುತ್ತದೆ.

ಕುಂಬ್ಳೆ ಸೀಮೆಯವ
ಆಟಗಾರರೇ ರಾಜಕೀಯಕ್ಕೆ ಬರಬಾರದು ಅಂತ ನನ್ನ ಅಭಿಪ್ರಾಯ. ಹೆಸರಿಗೆ ಬೇಕು ಅಂತ ಪಕ್ಷದವರು ಕರೆಯುವುದು. ಚಪ್ಪಾಳೆಗೆ ಅಭ್ಯಾಸ ಆದವರು ಸದನದಲ್ಲಿ ಸುಮ್ಮನೆ ಕೂತು ಬರುವುದು.

ಮಂಜೇಶ್ವರ ಎಕ್ಸ್‌ಪ್ರೆಸ್
ಅದು ತುಂಬ ಸುಲಭದ ಮಾತಾಯಿತು ಅಣ್ಣ. ಫೆನ್ಸಿಂಗಿನಿಂದಲೇ ಬಂದ ಬೇರೆಯವರನ್ನು ನೋಡಿ.

ಫ್ರಾನ್ಸಿನ ಜಾನ್-ಫ್ರಾನ್ಸ್ವಾ ಲಾಮೂರ್, ಸೇಬರ್ ವೈಯಕ್ತಿಕ ಚಿನ್ನ 1984ರಲ್ಲೂ 1988ರಲ್ಲೂ. 2002ರಿಂದ 2007ರವರೆಗೆ ಕ್ರೀಡಾ ಮಂತ್ರಿ, ಆಮೇಲೆ ಪ್ಯಾರಿಸಿನಿಂದ ಸಂಸದ. ಅವರು ಮಂತ್ರಿಯಾಗಿದ್ದಾಗಲೇ, 2005ರಲ್ಲಿ, 2012ರ ಒಲಿಂಪಿಕ್ಸ್ ಪ್ಯಾರಿಸಿನ ಕೈತಪ್ಪಿ ಲಂಡನ್ ಪಾಲಾಯಿತು. 54–50, ನಾಲ್ಕೇ ಮತ. ಅಷ್ಟಾದರೂ ಐದು ವರ್ಷ ಪೂರ್ತಿ ಖಾತೆ ನಡೆಸಿದರು.

ಇಟಲಿಯ ವ್ಯಾಲೆಂಟಿನಾ ವೆಝಾಲಿ ನನಗೆ ಅತ್ಯಂತ ಇಷ್ಟ. ಫಾಯಿಲ್‌ನಲ್ಲಿ ಆರು ಒಲಿಂಪಿಕ್ ಚಿನ್ನ, ಅದರಲ್ಲಿ 2000, 2004, 2008 ಮೂರೂ ಸಲ ವೈಯಕ್ತಿಕ. 2005ರ ಬೇಸಿಗೆಯಲ್ಲಿ ಹೆರಿಗೆ ಆಗಿ ಕೆಲವೇ ತಿಂಗಳಲ್ಲಿ ಲೈಪ್‌ಜಿಗ್‌ನ ವಿಶ್ವ ಚಾಂಪಿಯನ್‌ಷಿಪ್ ಗೆದ್ದರು. ಪೊಲೀಸ್ ಇಲಾಖೆಯಲ್ಲಿ ಕೆಲಸ. 2013ರಲ್ಲಿ ಸಂಸತ್ತಿಗೆ, 2021ರಲ್ಲಿ ಪ್ರಧಾನಿ ದ್ರಾಗಿ ಸರ್ಕಾರದಲ್ಲಿ ಕ್ರೀಡೆಯ ಹೊಣೆ. ಫ್ರಾನ್ಸಿನ ಲೋರಾ ಫ್ಲೆಸೆಲ್ 1996ರಲ್ಲಿ ಎಪಿಯಲ್ಲಿ ಎರಡು ಚಿನ್ನ ಗೆದ್ದು, 2017ರಲ್ಲಿ ಕ್ರೀಡಾ ಮಂತ್ರಿ ಆಗಿ ಮರುವರ್ಷ ಸೆಪ್ಟೆಂಬರಿನಲ್ಲಿ ಬಿಟ್ಟರು. ಎಲ್ಲರೂ ಒಂದೇ ಥರ ಅಲ್ಲ.

ಶ್ಮಿಟ್ ಮನೆಯಲ್ಲಿ ಇನ್ನೊಂದು ಒಲಿಂಪಿಕ್ ಪದಕ ಇದ್ದದ್ದು ಯಾರೂ ಹೇಳಲಿಲ್ಲ. ಹೆಂಡತಿ ಕತಾಲಿನ್ ಮಕ್ರಾಯ್ ಜಿಮ್ನಾಸ್ಟ್, 1964ರ ಟೋಕಿಯೊದಲ್ಲಿ ಅನ್‌ಈವನ್ ಬಾರ್ಸ್ ಬೆಳ್ಳಿ.

ಕುಂಬ್ಳೆ ಸೀಮೆಯವ
ವೆಝಾಲಿ ವಿಷಯ ಗೊತ್ತಿರಲಿಲ್ಲ. ಆದರೂ ನಮ್ಮಲ್ಲಿ ಪಕ್ಷ ಟಿಕೆಟ್ ಕೊಡುವುದು ಕೆಲಸ ನೋಡಿ ಅಲ್ಲ, ಪೋಸ್ಟರ್ ನೋಡಿ. ಅದರಲ್ಲಿ ನನ್ನ ಮಾತು ಬದಲಿಲ್ಲ.

ಎಪಿ ಕೈ
ನಕಲಿನ ಮಾತು ಬಂದದ್ದಕ್ಕೆ ಮಕ್ಕಳಿಗೆ ಹೇಳಲಿಕ್ಕೆ ಒಂದು ನಿಜ ಕಥೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್, ಐದು ಆಟ ಸೇರಿದ ಮಾಡರ್ನ್ ಪೆಂಟಾಥ್ಲಾನ್ ಸ್ಪರ್ಧೆ. ಅದರಲ್ಲೂ ಎಪಿ ಉಂಟು. ಸೋವಿಯತ್ ಒಕ್ಕೂಟದ ಬೋರಿಸ್ ಒನಿಶೆಂಕೊ ಎದುರು ಬ್ರಿಟನ್ನಿನ ಜಿಮ್ ಫಾಕ್ಸ್. ಒನಿಶೆಂಕೊ ಚುಚ್ಚಿದ್ದು ತಾಗಲೇ ಇಲ್ಲ, ಆದರೂ ದೀಪ ಹತ್ತಿತು. ಬ್ರಿಟಿಷರು ದೂರು ಕೊಟ್ಟರು, ಕತ್ತಿ ಬಿಚ್ಚಿ ನೋಡಿದರೆ ಹಿಡಿಯ ಒಳಗೆ ಗುಟ್ಟಾಗಿ ವಯರಿಂಗ್. ಬೇಕಾದಾಗ ಒತ್ತಿ ದೀಪ ಹತ್ತಿಸಬಹುದಿತ್ತು. ಅವತ್ತೇ ಹೊರಗೆ ಹಾಕಿದರು. ಅವರೂ ಮುಂಚೆ ಪದಕ ಗೆದ್ದ ಆಟಗಾರರೇ, ಕೈಯಲ್ಲಿ ವಿದ್ಯೆ ಇಲ್ಲದವರಲ್ಲ.

ಶ್ಮಿಟ್ ಕತ್ತಿಯ ಮೇಲೆ ಯಾವತ್ತೂ ಅಂಥ ಮಾತು ಬಂದಿಲ್ಲ. ಆ ಎರಡು ಚಿನ್ನ ಅಪ್ಪಟ. ಇದನ್ನು ಬಿಡಿಸಿ ಬರೆಯಿರಿ ಟೀಚರ್, ಇಲ್ಲದಿದ್ದರೆ ಮಕ್ಕಳು ಪದಕವೂ ಮೋಸದ್ದು ಅಂದುಕೊಳ್ಳುತ್ತಾರೆ.

ಪ್ರಬಂಧ ಬರೆಯುವವಳು
ಎಪಿ ಕೈ ಹೇಳಿದ್ದನ್ನು ಪೂರ್ತಿ ಒಪ್ತೇನೆ. ಜೊತೆಗೆ ಒಂದು ಹೋಲಿಕೆ ಹಾಕಬಹುದು: ಜರ್ಮನಿಯ ರಕ್ಷಣಾ ಮಂತ್ರಿ ಗುಟ್ಟೆನ್‌ಬರ್ಗ್ ಇದೇ ಕಾರಣಕ್ಕೆ 2011ರ ಮಾರ್ಚ್ 1ಕ್ಕೆ ರಾಜೀನಾಮೆ ಕೊಟ್ಟರು. ಅಂದರೆ ಇದು ಹಂಗೇರಿಯಲ್ಲಿ ಮಾತ್ರ ನಡೆದ ವಿಶೇಷ ಅಲ್ಲ. ಶ್ಮಿಟ್ ಮೊದಲು ಟಿವಿಯಲ್ಲಿ ರಾಜೀನಾಮೆ ಇಲ್ಲ ಅಂದವರು, ವಾರಾಂತ್ಯ ಕಳೆದು ಸೋಮವಾರ ಸಂಸತ್ತಿಗೆ ಬಂದು ಕೊಟ್ಟರು. ದೇಶದ ಒಗ್ಗಟ್ಟು ತೋರಬೇಕಾದ ಹುದ್ದೆಯಲ್ಲಿ ತನ್ನ ಸ್ವಂತ ವಿಷಯ ಜನರನ್ನು ಒಡೆಯುತ್ತಿದೆ ಅನ್ನುವ ಅರ್ಥದ ಮಾತಾಡಿದರು. ತಪ್ಪು ಮಾತ್ರ ಒಪ್ಪಲಿಲ್ಲ.

ಉಪ್ಪಳದ ಹುಡುಗ
ಸರಿ, ಒಂದು ಸಾಲು ಸಾಲದು ಅಂತ ನನಗೂ ಅನ್ನಿಸ್ತಾ ಉಂಟು. ಆದರೆ ಪದಕದ ಭಾಗ ಮೊದಲು ಬರಲಿ, ದೊಡ್ಡದಾಗಿ ಬರಲಿ.

ಬದಿಯಡ್ಕ ಟೀಚರ್
ಇಷ್ಟೊಂದು ಮಾಹಿತಿ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಋಣಿ. ಹೀಗೆ ಬರೆಯುತ್ತೇನೆ: ಮೊದಲ ಪುಟ ಪೂರ್ತಿ ಎಪಿ ಮತ್ತು ಹಂಗೇರಿ ತಂಡ, ದೀಪ ಹತ್ತುವ ಚಿತ್ರ ಸಮೇತ. ಎರಡನೇ ಪುಟದಲ್ಲಿ ಹುದ್ದೆಗಳು, ಸಹಿ, ಪ್ರಬಂಧ, ರಾಜೀನಾಮೆ. ಒನಿಶೆಂಕೊ ಕಥೆ ಮಕ್ಕಳಿಗೆ ಖಂಡಿತ ಇಷ್ಟ ಆಗುತ್ತದೆ, ಅದು ಪಕ್ಕದ ಚೌಕಕ್ಕೆ. ಎಡನೀರು ತೀರ್ಪು ಬೇರೆ ಲೇಖನವಾಗಿಯೇ ಬರಲಿ, ಸಮಾಜ ವಿಜ್ಞಾನದ ಮಾಷ್ಟ್ರ ಹತ್ತಿರ ಕೇಳ್ತೇನೆ. ಸಹೋದ್ಯೋಗಿಗೆ ನಾಳೆ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ ತೋರಿಸುತ್ತೇನೆ.

ಮುಳ್ಳೇರಿಯ ಅಕ್ಕ
ನನ್ನ ಮಗಳು ಏಳನೇ ಕ್ಲಾಸು, ಇದನ್ನೆಲ್ಲ ಪಕ್ಕದಲ್ಲಿ ಕೂತು ಓದಿ ತನಗೂ ಫೆನ್ಸಿಂಗ್ ಬೇಕು ಅಂತ ಶುರು ಮಾಡಿದ್ದಾಳೆ. ಕಾಸರಗೋಡಿನವರಿಗೆ ಹತ್ತಿರ ಎಲ್ಲಿ ಕಲಿಯುವುದು?

ಎಪಿ ಕೈ
ತಲಶ್ಶೇರಿ ಅಕ್ಕ! ಅಲ್ಲಿ ಸಾಯ್, ಅಂದರೆ ಭಾರತೀಯ ಕ್ರೀಡಾ ಪ್ರಾಧಿಕಾರದ, ಕೇಂದ್ರ ಉಂಟು. ಚೆನ್ನೈಯ ಭವಾನಿ ದೇವಿ ಹತ್ತನೇ ಕ್ಲಾಸು ಮುಗಿಸಿ ಅಲ್ಲಿಗೇ ಬಂದು ಸಾಗರ್ ಲಾಗು ಅವರ ಕೈಕೆಳಗೆ ಬೆಳೆದದ್ದು. ಶುರುವಿನಲ್ಲಿ ಕತ್ತಿ ದುಬಾರಿ ಅಂತ ಬಿದಿರ ಕೋಲಿನಲ್ಲಿ ಅಭ್ಯಾಸ ಮಾಡಿದವರು. ಒಲಿಂಪಿಕ್ಸಿಗೆ ಹೋದ ಮೊದಲ ಭಾರತೀಯ ಫೆನ್ಸರ್ ಅವರೇ. ಟೋಕಿಯೊದಲ್ಲಿ ಮೊದಲ ಪಂದ್ಯ 15–3ರಿಂದ ಗೆದ್ದು, ಎರಡನೆಯದನ್ನು ಫ್ರಾನ್ಸಿನ ಮನೋನ್ ಬ್ರುನೆ ಎದುರು 7–15ರಿಂದ ಸೋತರು. 2023ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕಂಚು, ಅದೂ ಜಪಾನಿನ ವಿಶ್ವ ಚಾಂಪಿಯನ್ ಮಿಸಾಕಿ ಎಮುರಾ ಅವರನ್ನು ಸೋಲಿಸಿ.

ಮುಳ್ಳೇರಿಯ ಅಕ್ಕ
ಹಾಸ್ಟೆಲ್ಲಿನಲ್ಲಿ ಬಿಡಬೇಕಾ? ದಿನಾ ಹೋಗಿ ಬರುವ ದೂರ ಅಲ್ಲವಲ್ಲ.

ಎಪಿ ಕೈ
ಆಯ್ಕೆ ಟ್ರಯಲ್ಸ್ ಮೂಲಕ, ಆಯ್ಕೆಯಾದರೆ ಅಲ್ಲೇ ಉಳಿದು ಕಲಿಯುವ ವ್ಯವಸ್ಥೆ. ಟ್ರಯಲ್ಸಿಗೆ ಕತ್ತಿ ಹಿಡಿದು ಗೊತ್ತಿರಬೇಕು ಅಂತ ಹೆದರಬೇಡಿ. ಓಟ, ಜಿಗಿತ, ಕಾಲಿನ ಚುರುಕು ಈಗಲೇ ಅಭ್ಯಾಸ ಮಾಡಿಸಿ. ಎಡಗೈಯವಳಾ ನಿಮ್ಮ ಮಗಳು? ಹಾಗಿದ್ದರೆ ಇನ್ನೂ ಒಳ್ಳೆಯದು, ಎದುರಾಳಿಗಳಿಗೆ ಎಡಗೈ ಕತ್ತಿ ತುಂಬ ಕಷ್ಟ.

ಮುಳ್ಳೇರಿಯ ಅಕ್ಕ
ಬಲಗೈ. ಆದರೆ ಓಟದಲ್ಲಿ ಉಪಜಿಲ್ಲೆಗೆ ಹೋದವಳು. ಭಾನುವಾರ ಅವಳಪ್ಪ ಊರಿಗೆ ಬರ್ತಾರೆ, ಕೂತು ಮಾತಾಡಿ ನಿಮಗೆ ಮೆಸೇಜ್ ಹಾಕ್ತೇನೆ.